ಗೆರೆಯಕ್ಕನ ಲೇಔಟ್

ನಮ್ಮ ಬೀದಿಯ ತಿರುವಿನಲ್ಲಿ ಹೊಲಿಗೆಯಂತ್ರ ರಿಪೇರಿ ಮಾಡುವವನ ಅಂಗಡಿಯಿದೆ. ಅದರ ಮೇಲಿನ ಎರಡು ಕೋಣೆಗಳಲ್ಲಿ ಅಕ್ಕತಂಗಿಯರಿಬ್ಬರು ಇದ್ದರು, ಈಗಲೂ ಇದ್ದಾರೆ. ಅಕ್ಕ ನನ್ನ ಬಳಿ ಐದನೆಯ ತರಗತಿಯಿಂದ ಏಳನೆಯವರೆಗೆ ಓದಿದವಳು. ಕಾಗುಣಿತ ಅಷ್ಟಕ್ಕಷ್ಟೆ. ಸಂಧಿ ಬಿಡಿಸು ಎಂದರೆ ಕಣ್ಣಲ್ಲಿ ನೀರು ತರುತ್ತಿದ್ದಳು. ಆದರೆ ನೋಟ್‌ಬುಕ್ಕಿನ ಅಂಚಿಗೆ ಅವಳು ಬರಿಗೈಯಲ್ಲಿ ಎಳೆದ ಗೆರೆಯ ಪಕ್ಕದಲ್ಲಿ ನಾನು ಅಡಿಪಟ್ಟಿ ಇಟ್ಟು ನೋಡಿದರೆ, ಪಟ್ಟಿಯೇ ಸೊಟ್ಟಗಿದೆಯೇನೋ ಎಂಬ ಅನುಮಾನ ನನಗೆ ಬರುತ್ತಿತ್ತು.

ತಾಯಿ ತೀರಿಕೊಂಡಾಗ ಅವಳಿಗೆ ಹತ್ತೊಂಬತ್ತು, ತಂಗಿಗೆ ಆರು. ಕಟ್ಟಡಗಳ ನಕ್ಷೆ ಬರೆಯುವ ಒಂದು ಕಚೇರಿಯಲ್ಲಿ ಅವಳು ಟ್ರೇಸಿಂಗ್ ಕೆಲಸಕ್ಕೆ ಸೇರಿದಳು. ಬೇರೆಯವರು ಪೆನ್ಸಿಲಿನಲ್ಲಿ ಬರೆದದ್ದರ ಮೇಲೆ ಪಾರದರ್ಶಕ ಹಾಳೆ ಹರಡಿ ಶಾಯಿಯಲ್ಲಿ ತಿದ್ದುವ ಕೆಲಸ. ತಪ್ಪಿದರೆ ಅರ್ಧ ಬ್ಲೇಡಿನಿಂದ ಶಾಯಿಯನ್ನು ಹೆರೆಯಬೇಕು, ಹಾಳೆ ಹರಿಯಬಾರದು. ನಾಲ್ಕೇ ವರ್ಷದಲ್ಲಿ ಅವಳು ಸ್ವಂತವಾಗಿ ನಕ್ಷೆ ಬರೆಯುವವಳಾದಳು. ಅವಳ ಗೆರೆ ನೋಡಿ ನೂಲು ಹಿಡಿಯಬಹುದು ಎಂದು ಗಾರೆ ಕೆಲಸದವರು ಹೇಳುತ್ತಿದ್ದರಂತೆ. ಕಚೇರಿಯಲ್ಲಿ ಅವಳ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಉಳಿಯಿತು. ಎಲ್ಲರ ಬಾಯಲ್ಲೂ ಅವಳು ಗೆರೆಯಕ್ಕ.

ತಂಗಿಯನ್ನು ಓದಿಸಿ, ಅದೇ ಕಚೇರಿಗೆ ಕೈಹಿಡಿದು ಕರೆದೊಯ್ದು, ತನ್ನ ಪಕ್ಕದ ಮೇಜಿನಲ್ಲಿ ಕೂರಿಸಿ, ಪೆನ್ನನ್ನು ಎಷ್ಟು ನೇರ ಹಿಡಿಯಬೇಕೆಂದು ಕಲಿಸಿದವಳೂ ಅವಳೇ. ಮದುವೆಯನ್ನೂ ಮಾಡಿದಳು. ಆ ಗಂಡ ಒಂದು ದಿನ ಚಪ್ಪಲಿ ಮೆಟ್ಟಿಕೊಂಡು ಹೋದವನು ತಿರುಗಿ ಬರಲಿಲ್ಲ. ತಂಗಿ ಮೂರು ವರ್ಷದ ಮಗಳನ್ನೆತ್ತಿಕೊಂಡು ಆ ಎರಡು ಕೋಣೆಗಳಿಗೇ ಮರಳಿದಳು. ಮಗು ದೊಡ್ಡಮ್ಮನ ಮಗ್ಗುಲಲ್ಲಿ ಮಲಗುವುದನ್ನು ರೂಢಿ ಮಾಡಿಕೊಂಡಿತು. ಅಕ್ಕ ಮದುವೆಯ ಮಾತನ್ನೇ ಎತ್ತಲಿಲ್ಲ. ನಾನು ಎತ್ತಿದರೆ, "ನನಗೆ ಗೆರೆ ಎಳೆಯೋ ಟೀ-ಸ್ಕ್ವೇರ್ ಪಟ್ಟಿ ಜೊತೆ ಮದುವೆ ಆಗಿಹೋಗಿದೆ ಮೇಷ್ಟ್ರೇ, ಅದು ಸೊಟ್ಟ ಮಾತಾಡಲ್ಲ" ಎಂದು ನಗುತ್ತಿದ್ದಳು.

ಅವಳಿಗೆ ನಲವತ್ತೆಂಟಾದ ವರ್ಷ ಕಚೇರಿಗೆ ಕಂಪ್ಯೂಟರುಗಳು ಬಂದವು. ಬರೆಯುವ ಮೇಜುಗಳನ್ನೆಲ್ಲ ಗುಜರಿಯವನು ಬಿಚ್ಚಿಕೊಂಡು ಹೋದ. ಗೆರೆಯಕ್ಕನ ಮೇಜೊಂದನ್ನು ಮಾತ್ರ ಹೆಡ್ ಸಾಹೇಬರು ಉಳಿಸಿಕೊಂಡರು, ಟೀ ಗ್ಲಾಸು ಇಡಲಿಕ್ಕೆ. ಈ ಹೆಡ್ ಸಾಹೇಬರು ಒಂದು ಕಾಲದಲ್ಲಿ ಅವಳ ಜೊತೆಯಲ್ಲೇ ಕೂತು ಟ್ರೇಸಿಂಗ್ ಮಾಡಿದವರು, ಗೆರೆ ನಡುಗುವ ಕೈಯವರು. ಕೈ ನಡುಗಿದರೂ ಬಾಯಿ ಚೂಪು, ಹಾಗಾಗಿ ಮೇಲೇರಿದ್ದರು.

"ನೋಡ್ರಮ್ಮಾ," ಎಂದು ಅವರು ಅಕ್ಕತಂಗಿಯರಿಬ್ಬರನ್ನೂ ಕರೆದು ಹೇಳಿದರು. "ಹೊಸಬರು ನಾಲ್ಕು ಜನ ಕಂಪ್ಯೂಟರ್ ಕಲಿತೇ ಬಂದಿದಾರೆ. ಉಳಿದಿರೋದು ಒಂದು ಕುರ್ಚಿ. ನೀವಿರೋದು ಇಬ್ಬರು. ಇಪ್ಪತ್ತೆರಡು ದಿನ ತರಬೇತಿ, ಆಮೇಲೆ ಪರೀಕ್ಷೆ. ಯಾರು ಪಾಸೋ ಅವರು ಕೂತ್ಕೊಳ್ಳಿ. ನೀವು ನೀವೇ ತೀರ್ಮಾನ ಮಾಡ್ಕೊಂಡ್ರೂ ನನಗೇನೂ ಬೇಜಾರಿಲ್ಲ."

ಮನೆಗೆ ಹೋಗುವ ದಾರಿಯಲ್ಲಿ ಅಕ್ಕ ಹೇಳಿದಳಂತೆ: "ಮರಿ, ಇಬ್ಬರೂ ಚೆನ್ನಾಗಿ ಮಾಡೋಣ. ಇಬ್ಬರೂ ಪಾಸಾದ್ರೆ ಇನ್ನೊಂದು ಕುರ್ಚಿ ಹಾಕದೆ ಏನ್ ಮಾಡ್ತಾನೆ?" ತಂಗಿ ಹೂಂ ಎಂದಳಂತೆ.

ಕಲಿಸಲು ಬಂದವನು ಸಣಕಲು ಮನುಷ್ಯ. ಯಾವಾಗಲೂ ಮೌಸ್ ಹಿಡಿದೇ ಮಾತಾಡುತ್ತಿದ್ದುದರಿಂದ ಗೆರೆಯಕ್ಕ ಅವನಿಗೆ 'ಇಲಿ ಮೇಷ್ಟ್ರು' ಎಂದು ಹೆಸರಿಟ್ಟಳು. ಮೊದಲ ದಿನ ಬೆಳಗ್ಗೆ ಅವನು ಪರದೆಯ ಪರಿಚಯ ಮಾಡಿಸಿದ: ಯಾವ ಪಟ್ಟಿ ಎಲ್ಲಿದೆ, ಯಾವ ಮೂಲೆಯಲ್ಲಿ ಏನಿದೆ, ಯಾವುದರಲ್ಲಿ ಬರೆಯಬೇಕು ಎಂಬುದು. ಅದೇ ಬೆಳಗ್ಗೆ ಹೆಡ್ ಸಾಹೇಬರು ಗೆರೆಯಕ್ಕನನ್ನು, ಕೈಯಲ್ಲಿ ಬರೆದ ಕೊನೆಯ ನಕ್ಷೆಯನ್ನು ಕಟ್ಟಡದ ಜಾಗಕ್ಕೆ ಮುಟ್ಟಿಸಿ ಬಾ ಎಂದು ಕಳಿಸಿದರು. ಬೇರೆ ಯಾರನ್ನಾದರೂ ಕಳಿಸಬಹುದಿತ್ತು. ಅವಳು ತಿರುಗಿ ಬರುವಷ್ಟರಲ್ಲಿ ಮಧ್ಯಾಹ್ನ.

"ಏನು ಹೇಳ್ಕೊಟ್ಟ ಮರಿ?" ಎಂದು ಅಕ್ಕ ಕೇಳಿದಳು.

"ಏನಿಲ್ಲಕ್ಕಾ. ಮೂಲೆ ಮೂಲೆಯ ಹೆಸರು ಹೇಳಿದ, ಅಷ್ಟೇ. ನೋಡ್ತಾ ನೋಡ್ತಾ ಬರುತ್ತೆ."

ಗೆರೆಯಕ್ಕ ನೋಡುತ್ತ ಕೂರುವವಳಲ್ಲ. ಆ ಸಂಜೆಯೇ ಪರದೆಯ ಉದ್ದಗಲಗಳನ್ನು ಅಳತೆಪಟ್ಟಿ ಹಿಡಿದು ತೆಗೆದುಕೊಂಡಳು. ಮನೆಯಲ್ಲಿ ಊಟದ ಮೇಜಿನ ಮೇಲೆ ಟ್ರೇಸಿಂಗ್ ಹಾಳೆ ಹಾಸಿ, ಇಡೀ ಪರದೆಯನ್ನು ಇದ್ದ ಗಾತ್ರದಲ್ಲೇ ಶಾಯಿಯಲ್ಲಿ ಬರೆದಳು. ಮೇಲೆ ಆಜ್ಞೆಗಳ ಸಾಲು, ಎಡಕ್ಕೆ ಗೆರೆ, ವೃತ್ತ, ಕಮಾನುಗಳ ಗುಂಡಿಗಳು, ನಡುವೆ ಕರಿಯ ಬಯಲು, ಆ ಬಯಲಿನಲ್ಲಿ ಮೌಸ್ ಹೋದಲ್ಲೆಲ್ಲ ಜೊತೆಗೆ ಹೋಗುವ ಅಡ್ಡಗೆರೆ-ಉದ್ದಗೆರೆಯ ಶಿಲುಬೆ, ಅದರ ಕೆಳಗೆ ಯಂತ್ರ ಪ್ರಶ್ನೆ ಕೇಳುವ ಸಾಲು, ಇನ್ನೂ ಕೆಳಗೆ ಎಡ ಮೂಲೆಯಲ್ಲಿ ಎರಡು ಪುಟ್ಟ ಚೀಟಿಗಳು. ಎಲ್ಲದರ ಹೆಸರನ್ನೂ ಅದದೇ ಇಂಗ್ಲಿಷ್ ಅಕ್ಷರಗಳಲ್ಲಿ ಇಳಿಸಿಕೊಂಡಳು. ಭಾನುವಾರ ಆ ಹಾಳೆಯನ್ನು ಸುರುಳಿ ಸುತ್ತಿಕೊಂಡು ನನ್ನ ಮನೆಗೆ ಬಂದಳು.

"ಮೇಷ್ಟ್ರೇ, ಜಾಗ ಎಲ್ಲಾ ಕೈಗೆ ಬಂದಿದೆ. ಮಾತಿನ ಅರ್ಥ ಗೊತ್ತಾಗ್ತಿಲ್ಲ. ಪೆನ್ಸಿಲಿನಲ್ಲಿ ಪಕ್ಕಕ್ಕೆ ಬರೆದುಕೊಡಿ."

ನಾನು ನಿಘಂಟು ತೆಗೆದೆ. ಇಬ್ಬರೂ ಕೂತು ಒಂದೊಂದೇ ಮಾತನ್ನು ಬಿಡಿಸಿದೆವು. ಟ್ರಿಮ್ ಎಂದರೆ ಕತ್ತರಿಸು. ಮಿರರ್ ಎಂದರೆ ಕನ್ನಡಿ. ಎಕ್ಸ್‌ಪ್ಲೋಡ್ ಎಂದರೆ ಸಿಡಿ ಎಂದು ಬರೆದಾಗ ಅವಳು ಬೆಚ್ಚಿದಳು. "ಅಯ್ಯೋ, ನಾನು ಮೂರು ದಿನದಿಂದ ಅದರ ಹತ್ತಿರಾನೇ ಓಡಾಡ್ತಿದೀನಿ!" ಎಂದು ಎದೆ ಮುಟ್ಟಿಕೊಂಡು ನಕ್ಕಳು. ಕೊನೆಗೆ ಎಡ ಮೂಲೆಯ ಎರಡು ಚೀಟಿಗಳು ಉಳಿದವು. ಒಂದು ಮಾಡೆಲ್, ಇನ್ನೊಂದು ಲೇಔಟ್.

"ಮಾಡೆಲ್ ಎಂದರೆ ಮಾದರಿ, ಪ್ರತಿಕೃತಿ," ಎಂದೆ.

"ಓ, ರಟ್ಟಿನ ಮನೆ ಮಾಡ್ತಾರಲ್ಲ, ಅದು. ಅದು ಮಹಡಿ ಮೇಲಿನವರ ಕೆಲಸ, ನಮಗೆ ಬೇಡ." ಕಟ್ಟಿಸುವವರಿಗೆ ತೋರಿಸಲು ರಟ್ಟು, ಗೋಂದುಗಳಿಂದ ಪುಟ್ಟ ಕಟ್ಟಡ ಮಾಡುವ ಇಬ್ಬರು ಅವರ ಕಚೇರಿಯ ಮಹಡಿಯ ಮೇಲಿದ್ದರು.

"ಲೇಔಟ್ ನಿನಗೇ ಗೊತ್ತಲ್ಲ. ನಿವೇಶನದ ನಕ್ಷೆ."

"ಅದನ್ನ ಇಪ್ಪತ್ತೊಂಬತ್ತು ವರ್ಷದಿಂದ ಬರೀತಿದೀನಿ, ಗೊತ್ತಿಲ್ದೆ ಏನು!"

ಲೇಔಟ್ ಎಂಬ ಚೀಟಿಯ ಪಕ್ಕದಲ್ಲಿ 'ನಕ್ಷೆ' ಎಂದು ನಾನು ದುಂಡಗೆ ಬರೆದೆ. ಮಾತಿನ ಅರ್ಥ ನಿಘಂಟಿನಲ್ಲಿ ಒಂದಿರುತ್ತದೆ, ಕಸುಬಿನಲ್ಲಿ ಇನ್ನೊಂದಿರುತ್ತದೆ ಎಂದು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೇನೋ. ಅಂದು ನನಗೇ ಅದು ಹೊಳೆಯಲಿಲ್ಲ.

ಆ ಯಂತ್ರದಲ್ಲಿ ಕಟ್ಟಡವನ್ನು ಬರೆಯಬೇಕಾದದ್ದು ಮಾಡೆಲ್ ಎಂಬ ಕರಿಯ ಬಯಲಿನಲ್ಲಿ, ಅದೂ ಕಟ್ಟಡದ ನಿಜವಾದ ಅಳತೆಯಲ್ಲಿ. ಆರು ಮೀಟರಿನ ಗೋಡೆ ಅಲ್ಲಿ ಆರು ಮೀಟರೇ. ಲೇಔಟ್ ಎಂಬುದು ಬಿಳಿಯ ಹಾಳೆ. ಮುದ್ರಿಸುವ ಮುಂಚೆ, ಅದರಲ್ಲಿರುವ ಒಂದು ಚೌಕಟ್ಟಿನ ಮೂಲಕ ಮಾಡೆಲಿನಲ್ಲಿ ಬರೆದದ್ದನ್ನು ಕಿಟಕಿಯಲ್ಲಿ ನೋಡುವಂತೆ ನೋಡಿ, ಕಾಗದದ ಮೇಲೆ ಎಲ್ಲಿ ಕೂರಬೇಕೆಂದು ಹೊಂದಿಸುವ ಜಾಗ ಅದು. ಇಲಿ ಮೇಷ್ಟ್ರು ಮೊದಲ ಬೆಳಗ್ಗೆ ಹೇಳಿಕೊಟ್ಟದ್ದು ಮುಖ್ಯವಾಗಿ ಇದನ್ನೇ.

ಗೆರೆಯಕ್ಕ ಪ್ರತಿ ಬೆಳಗ್ಗೆ ಯಂತ್ರ ಹಚ್ಚಿ, ಲೇಔಟ್ ಚೀಟಿ ಒತ್ತಿ, ಬಿಳಿಯ ಹಾಳೆ ಬಂದೊಡನೆ ನಿರಾಳವಾಗಿ ಕೂರುತ್ತಿದ್ದಳು. ಹಾಳೆಯ ನಡುವೆ ಯಾರೋ ಬಿಟ್ಟುಹೋದಂತೆ ಇದ್ದ ಚೌಕಟ್ಟನ್ನು ಮೊದಲು ಅಳಿಸುತ್ತಿದ್ದಳು. ಆಮೇಲೆ ಎಲ್ಲ ಅಳತೆಗಳನ್ನೂ ಮನಸ್ಸಿನಲ್ಲೇ ನೂರರಿಂದ ಭಾಗಿಸಿ, ಆರು ಮೀಟರಿನ ಗೋಡೆಯನ್ನು ಅರವತ್ತು ಮಿಲಿಮೀಟರಾಗಿ, ಕಾಗದದ ಮೇಲೆ ಬರೆಯುವ ಹಾಗೆಯೇ ಬರೆಯುತ್ತಿದ್ದಳು. ಯಂತ್ರ ಬೇಡವೆನ್ನಲಿಲ್ಲ. ಗೆರೆಗಳು ಚೆಂದವಾಗಿ ಮೂಡಿದವು.

ನಾಲ್ಕನೆಯ ದಿನ ಸಂಜೆ ಅವಳು ಕೈ ತೊಳೆಯಲು ಎದ್ದುಹೋಗಿದ್ದಾಗ ಇಲಿ ಮೇಷ್ಟ್ರು ಅವಳ ಪರದೆಯನ್ನು ನೋಡಿದ. ಅವನ ಪಾಠ ಅಂದಿಗೆ ಮುಗಿದಿತ್ತು, ಉಳಿದ ದಿನಗಳು ಅಭ್ಯಾಸಕ್ಕೆ. ಮರುದಿನದಿಂದ ಅವನು ಇನ್ನೊಂದು ಕಚೇರಿಗೆ ಹೋಗುವವನು, ಮತ್ತೆ ಬರುವುದು ಪರೀಕ್ಷೆಯ ದಿನವೇ. ಪಕ್ಕದಲ್ಲಿದ್ದ ತಂಗಿಗೆ ಅವನು ಹೇಳಿದ: "ನಿಮ್ಮಕ್ಕ ಹಾಳೆ ಮೇಲೆ ಬರೀತಿದಾರಲ್ರೀ. ಮಾಡೆಲ್‌ಗೆ ಹೋಗಿ, ಪೂರ್ತಿ ಅಳತೇಲಿ ಬರೀಬೇಕು ಅಂತ ಹೇಳ್ಬಿಡಿ. ನನಗೆ ಬಸ್ಸಿಗೆ ಹೊತ್ತಾಯ್ತು."

"ಹೇಳ್ತೀನಿ ಸಾರ್," ಎಂದಳು ತಂಗಿ.

ಹೇಳಲಿಲ್ಲ. ಅಂದು ಹೇಳಲಿಲ್ಲ, ಮರುದಿನ ಹೇಳಲಿಲ್ಲ. ಒಂದೂವರೆ ಅಡಿ ದೂರದ ಕುರ್ಚಿಯಲ್ಲಿ ಕೂತು, ಅಕ್ಕ ದಿನವೂ ಆ ಚೌಕಟ್ಟನ್ನು ಅಳಿಸುವುದನ್ನು ನೋಡುತ್ತಿದ್ದಳು. ಮನೆಯಲ್ಲಿ ಅಕ್ಕ ಅವಳ ತಟ್ಟೆಗೆ ಬಡಿಸುತ್ತ ಕೇಳುತ್ತಿದ್ದಳು: "ನಾನು ಮಾಡ್ತಿರೋದು ಸರಿಯಾಗಿದೆಯೇನೇ? ನೀನು ಮೊದಲ ದಿನದ ಪಾಠ ಕೇಳಿದವಳು."

"ಚೆನ್ನಾಗೇ ಮಾಡ್ತಿದೀಯಕ್ಕಾ. ನನಗಿಂತ ಬೇಗ."

ಎರಡನೆಯ ಮಾತು ನಿಜವಾಗಿತ್ತು, ತಂಗಿಯ ಕಷ್ಟವೂ ಅದೇ ಆಗಿತ್ತು. ತಂಗಿಗೆ ಗುಂಡಿಗಳ ಜಾಗ ಇನ್ನೂ ಹುಡುಕಬೇಕಾಗುತ್ತಿತ್ತು. ಗೆರೆಯಕ್ಕನ ಬೆರಳುಗಳು ಕಣ್ಣಿನ ಅಪ್ಪಣೆ ಕೇಳದೆ ಹೋಗುತ್ತಿದ್ದವು.

ಅವಳು ಹಾಳೆಯ ಮೇಲೆಯೇ ಬರೆಯುತ್ತಿದ್ದಾಳೆಂದು ಹೊಸಬರು ನಾಲ್ವರಿಗೂ ಗೊತ್ತಿತ್ತು. ಅವರಿಗೆ ಅದೊಂದು ದಿನನಿತ್ಯದ ತಮಾಷೆಯಾಯಿತು. "ಅಕ್ಕಾ, ಹಾಳೆ ಮುಗಿದ್ರೆ ಹೇಳಿ, ಇನ್ನೊಂದು ಕಟ್ಟು ತರಿಸೋಣ!" ಎಂದು ಒಬ್ಬ. "ಅಕ್ಕಾ, ಮೌಸ್‌ಗೆ ಶಾಯಿ ಹಾಕಿದ್ರಾ?" ಎಂದು ಇನ್ನೊಬ್ಬ. ಅವಳು ತನ್ನ ವಯಸ್ಸಿಗೆ ನಗುತ್ತಿದ್ದಾರೆಂದು ತಿಳಿದು ತಾನೂ ನಕ್ಕಳು. "ಶಾಯಿ ಹಾಕಿದೀನಪ್ಪಾ, ನಿನ್ನ ಮುಖಕ್ಕೆ ಒಂದಿಷ್ಟು ಉಳಿಸಿದೀನಿ" ಎಂದು ತಿರುಗಿ ಕೊಟ್ಟಳು. ಹೆಡ್ ಸಾಹೇಬರಿಗೂ ತಿಳಿದಿತ್ತು. ಒಂದು ದಿನ ಅವಳ ಬೆನ್ನ ಹಿಂದೆ ನಿಂತು, ಟೀ ಹೀರುತ್ತ, "ಭೇಷ್ ಗೆರೆಯಕ್ಕ! ಹೀಗೇ ಮುಂದುವರೀಲಿ" ಎಂದರು. ಆ ಸಂಜೆ ಅವಳು ನನ್ನ ಮನೆಯ ಬಾಗಿಲಲ್ಲೇ ನಿಂತು ಹೇಳಿದಳು: "ಮೇಷ್ಟ್ರೇ, ಅವನ ಬಾಯಲ್ಲಿ ಭೇಷ್ ಅನ್ನಿಸ್ಕೊಂಡೆ, ಗೊತ್ತಾ?" ನನಗೆ ತುಂಬ ಸಂತೋಷವಾಯಿತು. ಒಳಗೆ ಕರೆದು ಬೆಲ್ಲದ ಚೂರು ಕೊಟ್ಟೆ.

ಪರೀಕ್ಷೆಗೆ ಕೊಟ್ಟದ್ದು ಒಂದು ಶಾಲೆ. ಕೈಯಲ್ಲಿ ಗೀಚಿದ ಚಿತ್ರ, ಅದರ ಮೇಲೆ ಅಳತೆಗಳು. ಆವರಣದ ಗೋಡೆ, ಎಂಟು ಕೊಠಡಿ, ಬಾವಿ, ಆಟದ ಬಯಲು. ಮೂರು ಗಂಟೆ ಸಮಯ. ಹೆಡ್ ಸಾಹೇಬರು ಎಲ್ಲರಿಗೂ ಕೇಳುವಂತೆ ಹೇಳಿದರು: "ಈ ಶಾಲೆಯ ಲೇಔಟ್ ಬರೀಬೇಕು. ಲೇಔಟ್. ಗೊತ್ತಾಯ್ತಲ್ಲ ಗೆರೆಯಕ್ಕ?"

"ಗೊತ್ತಾಯ್ತು ಸಾರ್."

ಅವಳು ಎರಡೂಕಾಲು ಗಂಟೆಯಲ್ಲಿ ಮುಗಿಸಿ ಕೈ ಕಟ್ಟಿ ಕೂತಳು. ತಂಗಿ ಕೊನೆಯ ನಿಮಿಷದವರೆಗೆ ಬರೆದಳು. ಬಾವಿಯ ಅಳತೆ ಹಾಕುವುದು ಉಳಿದೇಹೋಯಿತು.

ಕೆಲಸಗಳನ್ನು ಗೋಡೆಯ ಮೇಲೆ ದೊಡ್ಡದಾಗಿ ಬಿಂಬಿಸಿ ನೋಡುವ ಏರ್ಪಾಡಿತ್ತು. ಕಚೇರಿಯವರೆಲ್ಲ ಸೇರಿದ್ದರು. ಮಹಡಿಯ ಮೇಲಿನ ರಟ್ಟಿನ ಕೆಲಸದವರೂ ಇಳಿದು ಬಂದಿದ್ದರು. ಗೆರೆಯಕ್ಕನ ಫೈಲು ತೆರೆದೊಡನೆ ಬಿಳಿಯ ಹಾಳೆಯ ಮೇಲೆ ಶಾಲೆ ಎದ್ದು ನಿಂತಿತು. ಗೋಡೆಗೆ ದಪ್ಪ ಗೆರೆ, ಕಿಟಕಿಗೆ ತೆಳುವು, ಮರಗಳಿಗೆ ಅದಕ್ಕಿಂತ ತೆಳುವು. ಒಬ್ಬ ಅಬ್ಬಾ ಎಂದ. ಹೆಡ್ ಸಾಹೇಬರು ಸ್ವಲ್ಪ ಹೊತ್ತು ಅದನ್ನು ಹಾಗೆಯೇ ಬಿಟ್ಟರು, ಎಲ್ಲರೂ ಕಣ್ತುಂಬ ನೋಡಲೆಂದು. ಆಮೇಲೆ ಮಾಡೆಲ್ ಚೀಟಿ ಒತ್ತಿದರು.

ಗೋಡೆ ಕಪ್ಪಾಯಿತು. ಒಂದು ಚುಕ್ಕೆಯೂ ಇರಲಿಲ್ಲ.

"ಶಾಲೆ ಎಲ್ಲಮ್ಮಾ? ಅಮಾವಾಸ್ಯೆ ಬರೆದಿದೀರಲ್ಲ!"

ಎಲ್ಲರೂ ನಕ್ಕರು. ಅವಳು ಎದ್ದು ನಿಂತಳು. "ಸಾರ್, ಈಗ ತಾನೇ ಇತ್ತು. ಆ ಚೀಟಿ ಬೇಡ, ಪಕ್ಕದ್ದು ಒತ್ತಿ."

ಅವರು ಪಕ್ಕದ್ದನ್ನು ಒತ್ತಿದರು. ಒಂದು ಕೊಠಡಿಯ ಉದ್ದಕ್ಕೆ ಅಳತೆಯ ಆಜ್ಞೆ ಕೊಟ್ಟು, ಬಂದ ಉತ್ತರವನ್ನು ಗಟ್ಟಿಯಾಗಿ ಓದಿದರು: "ಅರವತ್ತು ಮಿಲಿಮೀಟರ್. ಆರು ಸೆಂಟಿಮೀಟರ್ ಕೊಠಡಿ! ಯಾರಿಗಮ್ಮಾ ಈ ಶಾಲೆ? ಇರುವೆಗಳಿಗಾ?"

"ಒಂದಕ್ಕೆ ನೂರು ಸಾರ್, ಸ್ಕೇಲು. ಮೂಲೇಲಿ ಬರೆದಿದೀನಲ್ಲ. ಪ್ರಿಂಟ್ ತೆಗೆದು ನೋಡಿ."

ಯಾರೋ ಪ್ರಿಂಟ್ ತೆಗೆದರು. ಅವಳು ಕೈಚೀಲದಿಂದ ಸ್ಕೇಲು ತೆಗೆದು ಹಾಳೆಯ ಮೇಲೆ ಇಟ್ಟು, "ನೋಡಿ, ಒಂದು ಕೂದಲೆಳೆ ಹೆಚ್ಚಿಲ್ಲ, ಕಡಿಮೆ ಇಲ್ಲ" ಎಂದಳು. ನಿಜವಾಗಿಯೂ ಇರಲಿಲ್ಲ.

"ಕಾಗದ ಅಳೆಯೋಕೆ ಇಲ್ಲಿ ಯಾರಿಗೂ ಪುರುಸೊತ್ತಿಲ್ಲಮ್ಮ," ಎಂದರು ಹೆಡ್ ಸಾಹೇಬರು. "ಗಿರಾಕಿ ಕೇಳೋದು ಫೈಲು. ಈ ಫೈಲು ಕೊಟ್ರೆ ಅವನು ನಮ್ಮ ಮುಖಕ್ಕೆ ಎಸೀತಾನೆ. ಇಷ್ಟು ದಿನ ಏನು ಕಲಿತ್ರಿ?"

ಆಗ ಇಲಿ ಮೇಷ್ಟ್ರು, ಪಾಪ, ತನ್ನ ಮೇಲೆ ತಪ್ಪು ಬರಬಾರದೆಂದು ಹೇಳಿಬಿಟ್ಟ: "ನಾನು ಅವತ್ತೇ ಹೇಳಿದ್ನಲ್ಲ ಸಾರ್, ಇವರ ತಂಗಿಗೆ. ಅಕ್ಕನಿಗೆ ತಿಳಿಸಿ ಅಂತ."

ನಗು ನಿಂತಿತು. ಗೆರೆಯಕ್ಕ ತಂಗಿಯ ಕಡೆ ನೋಡಲಿಲ್ಲ. ಅವನನ್ನೇ ಕೇಳಿದಳು: "ಎಷ್ಟನೇ ದಿನ ಹೇಳಿದ್ರಿ?"

"ನಾಲ್ಕನೇ ದಿನ."

"ಅಂದ್ರೆ ಹದಿನೆಂಟು ದಿನ," ಎಂದು ತನಗೆ ತಾನೇ ಹೇಳಿಕೊಂಡಂತೆ ಹೇಳಿ, ಪ್ರಿಂಟನ್ನು ಸುರುಳಿ ಸುತ್ತತೊಡಗಿದಳು. ಹೆಡ್ ಸಾಹೇಬರು, "ಅದನ್ನ ಇಲ್ಲೇ ಬಿಡಿ. ಗೋಡೆಗೆ ಹಾಕ್ತೀವಿ. ಹೊಸದಾಗಿ ಬರೋರಿಗೆ ಹೀಗೆ ಬರೀಬಾರದು ಅಂತ ತೋರಿಸೋಕೆ ಒಳ್ಳೇದು" ಎಂದರು. ಅವಳು ಬಿಟ್ಟು ಬಂದಳು. ಅದು ಇನ್ನೂ ಅಲ್ಲಿ ಗೋಡೆಯ ಮೇಲಿದೆ ಎಂದು ಕೇಳಿದ್ದೇನೆ. ಕುರ್ಚಿ ತಂಗಿಗೆ ಸಿಕ್ಕಿತು.

ಮರುದಿನ ಅವಳು ನನ್ನ ಮನೆಗೆ ಬಂದು ಪರದೆಯ ಆ ಹಾಳೆಯನ್ನು ನನ್ನ ಮುಂದೆ ಹರಡಿದಳು. "ಈ ಎರಡು ಮಾತಿನ ಅರ್ಥ ತಿದ್ದಿ ಮೇಷ್ಟ್ರೇ. ಇನ್ನು ಯಾರಾದ್ರೂ ಕೇಳ್ಕೊಂಡು ಬಂದ್ರೆ ನಿಮಗೆ ಬೇಕಾಗುತ್ತೆ."

ಇಲಿ ಮೇಷ್ಟ್ರಿಂದ ಕೇಳಿ ತಿಳಿದುಕೊಂಡದ್ದನ್ನು ಅವಳು ಹೇಳುತ್ತ ಹೋದಂತೆ ನಾನು ಬರೆದುಕೊಂಡೆ. ಹಿಂದೆ ಮಾಡೆಲ್, ಲೇಔಟ್‌ಗಳ ವಿಷಯವಾಗಿ ಐದಾರು ವಾಕ್ಯಗಳಲ್ಲಿ ನಾನು ವಿವರಿಸಿದ್ದು ಅಂದು ಅವಳಿಂದ ಕಲಿತದ್ದೇ. ಬಿಡಿಸಿ ಹೇಳುವುದರಲ್ಲಿ ಅವಳು ನನಗಿಂತ ಒಳ್ಳೆಯ ಮೇಷ್ಟ್ರು. ಕ್ಷಮಿಸು ತಾಯಿ ಎಂದೆ. "ನೀವು ಗೊತ್ತಿಲ್ದೆ ತಪ್ಪು ಹೇಳಿದ್ರಿ. ಬಿಡಿ" ಎಂದು ಎದ್ದಳು. ಹಾಳೆಯನ್ನು ನನ್ನಲ್ಲೇ ಬಿಟ್ಟಳು. ಆಮೇಲೆ ನಮ್ಮ ಮನೆಯ ಮೆಟ್ಟಿಲು ಹತ್ತಲಿಲ್ಲ.

ತಂಗಿ ಒಂದು ತಿಂಗಳು ಬಿಟ್ಟು ಬಂದು ಎಲ್ಲವನ್ನೂ ಒಪ್ಪಿಸಿದಳು. "ದಿನಾ ಬೆಳಗ್ಗೆ ಇವತ್ತು ಹೇಳ್ಬಿಡೋಣ ಅಂತಲೇ ಹೋಗ್ತಿದ್ದೆ ಮೇಷ್ಟ್ರೇ. ಅವಳು ನನಗಿಂತ ಬೇಗ ಕಲಿತುಬಿಟ್ಟಿದ್ಲು. ಅದೊಂದು ಮಾತು ಹೇಳಿದ್ರೆ ನಾನು ಮುಗಿದ ಹಾಗೆ. ನನಗೂ ಮಗಳಿದಾಳೆ."

"ಆ ಮಗಳನ್ನು ಸಾಕುತ್ತಿರುವವಳು ಯಾರಮ್ಮ?" ಎಂದು ನಾನು ಕೇಳಬಾರದಾಗಿತ್ತು. ಕೇಳಿದೆ.

ಇಬ್ಬರೂ ಈಗಲೂ ಅದೇ ಎರಡು ಕೋಣೆಗಳಲ್ಲಿದ್ದಾರೆ. ಐವತ್ತರ ಹತ್ತಿರದ ಹೆಂಗಸಿಗೆ ಬೇರೆ ಕಚೇರಿಯಲ್ಲಿ ಕೆಲಸ ಸಿಗಲಿಲ್ಲ. ಎಲ್ಲಿ ಹೋದರೂ ಪರೀಕ್ಷೆಯ ಕಥೆ ಅವಳಿಗಿಂತ ಮುಂಚೆ ಅಲ್ಲಿಗೆ ತಲುಪಿರುತ್ತಿತ್ತು. ಅಡುಗೆ, ಬಟ್ಟೆ, ಮಗುವಿನ ಪಾಠ ಎಲ್ಲವನ್ನೂ ಅವಳು ನೋಡಿಕೊಳ್ಳುತ್ತಾಳೆ. ಮಗುವಿನ ಜೊತೆ ಹಾಡುತ್ತಾಳೆ, ನಗುತ್ತಾಳೆ. ತಂಗಿಯ ಜೊತೆ ಮಾತಿಲ್ಲ. ಹೊಸ ಕುರ್ಚಿಗೆ ಹೋದ ಮೊದಲ ವಾರವೇ ತಂಗಿ ಒಂದು ಮನೆಯ ನಕ್ಷೆಯನ್ನು ಪ್ರಿಂಟ್ ತೆಗೆದುಕೊಂಡು ಬಂದು, ಏನೂ ಹೇಳದೆ ಊಟದ ಮೇಜಿನ ಮೇಲೆ ಇಟ್ಟಳಂತೆ. ಆ ನಕ್ಷೆಯಲ್ಲಿ ಮಹಡಿಯ ಕೋಣೆಯ ಬಾಗಿಲು ನೇರ ಮೆಟ್ಟಿಲಿನ ಮೇಲೆ ತೆರೆಯುತ್ತಿತ್ತು. ಬಾಗಿಲು ತಳ್ಳಿದವರು ಕೆಳಗೆ ಉರುಳಬೇಕು. ಬೆಳಗ್ಗೆ ನೋಡಿದರೆ ಅಲ್ಲಿ ಕೆಂಪು ಪೆನ್ಸಿಲಿನ ಗುರುತಿತ್ತು. ತಪ್ಪು ಗೆರೆಯೊಂದು ಮನೆಯೊಳಗೆ ಬಿದ್ದಿದ್ದರೆ ಗೆರೆಯಕ್ಕನಿಗೆ ಸುಮ್ಮನಿರಲಾಗದು ಎಂಬುದನ್ನು ತಂಗಿ ಬಲ್ಲಳು. ಅಂದಿನಿಂದ ವಾರಕ್ಕೆ ಎರಡು ಮೂರು ನಕ್ಷೆಗಳು ಆ ಮೇಜಿಗೆ ಬರುತ್ತವೆ, ಕೆಂಪು ಗುರುತು ಹೊತ್ತು ಹೋಗುತ್ತವೆ. ತಂಗಿಯ ಕೆಲಸದಲ್ಲಿ ತಪ್ಪೇ ಇರುವುದಿಲ್ಲ ಎಂದು ಹೆಡ್ ಸಾಹೇಬರು ಹೊಗಳುತ್ತಾರಂತೆ.

ಮೊನ್ನೆ ಸಂಜೆ ತಂಗಿ ಅಂಥದೊಂದು ನಕ್ಷೆಯನ್ನು ನನ್ನಲ್ಲಿಗೆ ತಂದು ಬಿಚ್ಚಿದಳು. ಒಂದು ಆಸ್ಪತ್ರೆಯ ನಕ್ಷೆ. ಕೆಂಪು ಗುರುತುಗಳು ಏಳೆಂಟು ಇದ್ದವು. ಕೆಳಗಿನ ಮೂಲೆಯಲ್ಲಿ ತಂಗಿ ಪೆನ್ಸಿಲಿನಲ್ಲಿ ಸಣ್ಣಗೆ ಬರೆದಿದ್ದಳು: 'ಅಕ್ಕಾ, ಒಂದು ಮಾತಾದರೂ ಆಡೆ. ಬೈಯೋದಾದರೂ ಬೈಯೆ.'

ಅದರ ಸುತ್ತ ಕೆಂಪು ವೃತ್ತ. ಪಕ್ಕದಲ್ಲಿ ನಕ್ಷೆಯವರ ಆ ಒಪ್ಪವಾದ ಅಕ್ಷರಗಳಲ್ಲಿ: 'ನಕ್ಷೆಗೆ ಸಂಬಂಧವಿಲ್ಲದ ಬರಹ. ತೆಗೆಯಿರಿ.'

"ನೋಡಿದ್ರಾ ಮೇಷ್ಟ್ರೇ," ಎಂದಳು ತಂಗಿ. "ತೆಗೆ ಅಂತಲೂ ಬರೀಲಿಲ್ಲ. ನನಗೆ ಬಹುವಚನ ಹಾಕಿದಾಳೆ."

ನಾನು ಆ ಅಕ್ಷರಗಳನ್ನು ಒಂದೊಂದಾಗಿ ನೋಡಿದೆ. ಕಾಗುಣಿತದಲ್ಲಿ ಒಂದು ತಪ್ಪೂ ಇರಲಿಲ್ಲ. ಬೆಳಗ್ಗೆ ಕಚೇರಿಗೆ ಒಯ್ದು, ಕೆಂಪು ಗುರುತು ನೋಡಿಕೊಂಡು ಫೈಲು ತಿದ್ದಬೇಕಾದ ಹಾಳೆ ಅದು. ತಂಗಿ ನನ್ನ ಬಳಿ ರಬ್ಬರ್ ಕೇಳಿ ಪಡೆದು, ತಾನು ಬರೆದ ಆ ಎರಡು ವಾಕ್ಯಗಳನ್ನು ಅಲ್ಲೇ ಉಜ್ಜಿ ಅಳಿಸಿ, ಹಾಳೆಯನ್ನು ಸುತ್ತಿಕೊಂಡು ಇಳಿದುಹೋದಳು.